ಹರಿಹರದ ಟಿಕೆಟ್ಟುಗಳು

ಜುಲೈ 13, ಭಾನುವಾರ

ಇವತ್ತು ಬಸಣ್ಣೆಮ್ಮನ ಕೈಚೀಲದಲ್ಲಿ ನಾಲ್ಕು ಬಸ್ ಟಿಕೆಟ್ಟು ಸಿಕ್ಕವು. ನಾನು ಹುಡುಕಲು ಹೋದದ್ದು ನನ್ನ ಕನ್ನಡಕವನ್ನು. ಅದು ನನ್ನ ಎದುರಿಗೇ ಟೀಪಾಯಿ ಮೇಲಿತ್ತು. ಅವಳೇ ಅಲ್ಲಿಟ್ಟು ಸುಮ್ಮನೆ ಕೂತಿದ್ದಳು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಹೆಂಡತಿಯ ಚೀಲಕ್ಕೆ ಕೈ ಹಾಕಿದ್ದು ತಪ್ಪೇನೋ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಇಪ್ಪತ್ತಾರು ವರ್ಷ ಸಾರಿಗೆ ಬಸ್ಸುಗಳಲ್ಲಿ ಚೆಕಿಂಗ್ ಇನ್ಸ್‌ಪೆಕ್ಟರಾಗಿದ್ದವನು ನಾನು. ಟಿಕೆಟ್ಟು ಕಂಡರೆ ಓದದೆ ಬಿಡಲು ಬರುವುದಿಲ್ಲ. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಈ ಡೈರಿ ಬರೆಯುವುದು ನಿಂತಿದೆಯೇ? ಅದೂ ಹಾಗೆಯೇ.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಟಿಕೆಟ್ಟೆಂದರೆ ಸೊನ್ನೆ ಮುದ್ರಿಸಿದ ಚೀಟಿ. ಬಹಳ ಜನ ಅದನ್ನು ಅಲ್ಲೇ ಬಿಸಾಡುತ್ತಾರೆ. ಇವಳು ಬಿಸಾಡಿಲ್ಲ. ಟಿಕೆಟ್ಟನ್ನು ಜೋಪಾನ ಮಾಡಬೇಕೆಂದು ಮದುವೆಯಾದ ಹೊಸದರಲ್ಲಿ ನಾನೇ ಕಲಿಸಿದ್ದು. ಅಂಗಳದ ಬಿಸಿಲಿಗೆ ಹಿಡಿದು, ಹತ್ತಿರ ತಂದು, ದೂರ ಒಯ್ದು ಓದಿದೆ. ಈಗಿನ ಮಷಿನ್ ಕಾಗದ ತೀರಾ ಕಳಪೆ, ವಾರದೊಳಗೆ ಅಕ್ಷರವೆಲ್ಲ ಮಂಜು ಮಂಜು.

ಎರಡು ಶನಿವಾರ. ದಾವಣಗೆರೆಯಿಂದ ಹರಿಹರ, ಹರಿಹರದಿಂದ ದಾವಣಗೆರೆ. ಅವಳು ನನಗೆ ಹೇಳಿ ಹೋದದ್ದು ನಂದಿಗುಡಿ ಮಠಕ್ಕೆ. ನಂದಿಗುಡಿಗೆ ಹರಿಹರದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಬೇಕು. ಆ ಎರಡನೇ ಟಿಕೆಟ್ಟು ಎಲ್ಲಿ?

ಟಿಕೆಟ್ಟುಗಳನ್ನು ಇದ್ದ ಹಾಗೆಯೇ ಮಡಿಸಿ ಇಟ್ಟೆ. ಕೇಳಿಲ್ಲ. ಮೊದಲ ಸಲಕ್ಕೇ ಹಿಡಿದರೆ ಜನ ಕಥೆ ಕಟ್ಟುತ್ತಾರೆ.

ಜುಲೈ 15, ಮಂಗಳವಾರ

ನಡುಮನೆಯ ಬಲ್ಬು ಬದಲಾಯಿಸಿದೆ. ಕರೆಂಟಿನವರು ವೋಲ್ಟೇಜು ಕಡಿಮೆ ಮಾಡಿದ್ದಾರೆ, ಸಂಜೆಯಾದರೆ ಪೇಪರು ಓದಲಾಗುವುದಿಲ್ಲ. ಹೊಸ ಬಲ್ಬೂ ಅಷ್ಟಕ್ಕಷ್ಟೇ. ಅಂಗಡಿಯವನು ಹಳೆಯ ಮಾಲು ಕೊಟ್ಟಿದ್ದಾನೆ.

ಬಲ್ಬು ಹಾಕುವಾಗ ಬಸಣ್ಣೆಮ್ಮ ಸ್ಟೂಲು ಹಿಡಿದು ನಿಂತಿದ್ದಳು. ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡಳು. ಏನೆಂದು ನನಗೆ ಗೊತ್ತು. ಯುಗಾದಿ ಕಳೆದ ಮೇಲೆ ಒಂದೇ ಸಮ ಹಠ ಹಿಡಿದಿದ್ದಳು, ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕಂತೆ, ಬರ್ರಿ ಹೋಗೋಣ ಎಂದು. ಓಡುವ ಬಸ್ಸಿನ ಬಾಗಿಲಲ್ಲಿ ನಿಂತು, ಹಿಂದಿನ ಸೀಟಿನಲ್ಲಿ ಟಿಕೆಟ್ಟಿಲ್ಲದೆ ಕೂತವನ ಮುಖ ಗುರುತು ಹಿಡಿದ ಕಣ್ಣು ಇವು. ಇವನ್ನು ತೋರಿಸಬೇಕಂತೆ! ನನ್ನ ಜೊತೆ ಕೆಲಸ ಮಾಡಿದ ಗೋಣೆಪ್ಪ ಯಾವುದೋ ಕಣ್ಣಿನ ಶಿಬಿರಕ್ಕೆ ಎರಡು ಕಣ್ಣು ತೆಗೆದುಕೊಂಡು ಹೋಗಿ ಒಂದನ್ನು ತೆಗೆದುಕೊಂಡು ಬಂದ. ಅದನ್ನು ನೋಡಿಯೂ ಹೋಗುವಷ್ಟು ದಡ್ಡನಲ್ಲ ನಾನು.

ಕೊನೆಗೆ ಒಂದು ದಿನ ಸಿಟ್ಟು ನೆತ್ತಿಗೇರಿ, 'ಇನ್ನೊಮ್ಮೆ ಕಣ್ಣಿನ ಸುದ್ದಿ ತೆಗೆದರೆ ಸಕ್ಕರೆ ಮಾತ್ರೆಯನ್ನೂ ಬಿಡುತ್ತೇನೆ' ಎಂದೆ. ಅಂದದ್ದಷ್ಟೇ ಅಲ್ಲ, ಮೂರು ದಿನ ಬಿಟ್ಟೆ. ಅವಳು ಅತ್ತಳು. ಅಂದಿನಿಂದ ಸುಮ್ಮನಾಗಿದ್ದಾಳೆ. ಸುಮ್ಮನಿರುವವರನ್ನೇ ನೋಡಿಕೊಳ್ಳಬೇಕು.

ಜುಲೈ 19, ಶನಿವಾರ

ಬೆಳಿಗ್ಗೆ ಒಂಬತ್ತಕ್ಕೆ ಹೋದವಳು ಒಂದೂವರೆಗೆ ಬಂದಳು. ಬಂದವಳ ಸೀರೆಯಿಂದ ಸುಟ್ಟ ಮೇಣದ ವಾಸನೆ. ಮಠಕ್ಕೆ ಹೋದವರು ವಿಭೂತಿಯ ವಾಸನೆ ತರುತ್ತಾರೆ, ಮೇಣದ್ದಲ್ಲ.

"ಏನಿದು ವಾಸನೆ?" ಅಂದೆ.

"ಕರೆಂಟ್ ಹೋಗಿತ್ತು ರೀ, ಮೇಣದಬತ್ತಿ ಹಚ್ಚಿದ್ರು."

"ಮಟಮಟ ಮಧ್ಯಾಹ್ನ?"

"ಗದ್ದಿಗಿ ಹತ್ರ ಕತ್ತಲಿರ್ತೈತೆ. ಊಟಕ್ಕ ಏಳ್ರಿ, ಮಾತ್ರಿ ತಗೊಳ್ಳೋ ಹೊತ್ತಾತು."

ಉತ್ತರ ಬಹಳ ಬೇಗ ಬಂತು. ಮೊದಲೇ ಹೊಂದಿಸಿಟ್ಟುಕೊಂಡ ಉತ್ತರ ಮಾತ್ರ ಹಾಗೆ ಬರುತ್ತದೆ.

ಜುಲೈ 22, ಮಂಗಳವಾರ

ಪಕ್ಕದ ಮನೆಯ ಖುರ್ಷೀದಾ ರವಿಕೆ ಹೊಲಿಯುತ್ತಾಳೆ, ಬಸಣ್ಣೆಮ್ಮನ ಗುಟ್ಟೆಲ್ಲ ಅವಳ ಮಷಿನ್ ಪಕ್ಕದಲ್ಲೇ ಬಿಚ್ಚುವುದು. ಕಾಂಪೌಂಡಿನ ಮೇಲಿಂದ ಕೇಳಿಯೇಬಿಟ್ಟೆ, "ನಮ್ಮಾಕಿ ಶನಿವಾರ ಎಲ್ಲಿಗೆ ಹೋಗ್ತಾಳವ್ವ?"

ಅವಳು ಬಾಯಲ್ಲಿದ್ದ ದಾರ ಕತ್ತರಿಸಿ ನಕ್ಕಳು. "ಇನ್ನೂ ಡ್ಯೂಟಿ ಮ್ಯಾಲೇ ಅದೀರೇನ್ರಿ ಅಂಕಲ್? ಆಂಟೀನ್ನೇ ಕೇಳ್ರಿ."

ಇವಳಿಗೂ ಗೊತ್ತು. ಊರಿಗೆಲ್ಲ ಗೊತ್ತಿದ್ದು ನನಗೊಬ್ಬನಿಗೆ ಗೊತ್ತಿಲ್ಲ.

ಇನ್ನೊಂದು ವಿಷಯ. ಈ ಡೈರಿಯನ್ನು ನಾನು ರೇಡಿಯೋದ ಎಡಕ್ಕೆ ಇಡುತ್ತೇನೆ. ಇವತ್ತು ಬಲಕ್ಕಿತ್ತು. ಯಾರೋ ತೆಗೆದಿದ್ದಾರೆ. ಮನೆಯಲ್ಲಿ ಇರುವುದೇ ಇಬ್ಬರು.

ಆಗಸ್ಟ್ 2, ಶನಿವಾರ

ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತೇನೆ.

ಬಸಣ್ಣೆಮ್ಮ ಹೊರಟ ಹತ್ತು ನಿಮಿಷಕ್ಕೆ ನಾನೂ ಹೊರಟೆ. ಬಸ್ ಸ್ಟ್ಯಾಂಡಿನಲ್ಲಿ ಹರಿಹರದ ಬಸ್ಸು ಯಾವ ಜಾಗದಲ್ಲಿ ನಿಲ್ಲುತ್ತದೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ಬೋರ್ಡು ನೋಡಿದೆ, ಹತ್ತಿದೆ, ಕೂತೆ. ಬಸ್ಸು ಊರು ದಾಟಿದ ಮೇಲೆ ಕಂಡಕ್ಟರು ಬಂದ. "ಒಂದು ಹರಿಹರ" ಅಂದೆ.

"ಸಾರ್! ವಾಮದೇವಪ್ಪ ಸಾರ್ ಅಲ್ಲೇನ್ರಿ? ನಾನ್ರೀ, ಹನುಮೇಶ." ಹಿಂದೊಮ್ಮೆ ನಾನು ಮೆಮೊ ಕೊಟ್ಟಿದ್ದ ಹುಡುಗ. ಈಗ ತಲೆ ನರೆತಿದೆಯಂತೆ, ಅವನೇ ಹೇಳಿದ. "ಇದು ಆನಗೋಡಿನ ಬಸ್ರೀ ಸಾರ್. ಹರಿಹರ ಆ ಕಡಿ. ಬೋರ್ಡ್ ನೋಡ್ಲಿಲ್ಲೇನ್ರಿ?"

ಮುಂದಿನ ಸೀಟಿನವರು ತಿರುಗಿ ನೋಡಿದರು. ಚೆಕಿಂಗ್ ಇನ್ಸ್‌ಪೆಕ್ಟರು ತಪ್ಪು ಬಸ್ಸು ಹತ್ತಿದ್ದಾನೆ! ಬೋರ್ಡಿನ ಮೇಲೆ ಒಂದು ಗಾಡಿ ಧೂಳಿತ್ತು. ಒರೆಸುವ ಪದ್ಧತಿಯೇ ಹೋಗಿದೆ ಎಂದು ಅವನಿಗೇ ಬೈದೆ.

ಆನಗೋಡಿನಲ್ಲಿ ಇಳಿದಾಗ ಹನುಮೇಶ ತಾನೇ ಕೈ ಹಿಡಿದು ಹೆದ್ದಾರಿ ದಾಟಿಸಿದ. ಬೇಡವೆಂದರೂ ಬಿಡಲಿಲ್ಲ. ಆಮೇಲೆ ತಾನಾಗಿಯೇ ಕೇಳಿದ, "ಅಮ್ಮಾರ ಜೋಡಿ ಹೊಂಟಿದ್ರೇನ್ರಿ? ಹೋದ ತಿಂಗ್ಳು ಹರಿಹರದ ಡ್ಯೂಟಿಯಾಗ ಇದ್ನಲ್ಲ, ಅವ್ರನ್ನ ಆರೋಗ್ಯ ಮಾತೆ ಚರ್ಚಿನ ಹತ್ರ ನಾನೇ ಇಳಿಸಿದ್ದೆ."

ಚರ್ಚು.

ಆಗಸ್ಟ್ 4, ಸೋಮವಾರ

ಎರಡು ದಿನದಿಂದ ಅವಳನ್ನೇ ನೋಡುತ್ತಿದ್ದೇನೆ. ಬೆಳಿಗ್ಗೆ ಸ್ನಾನ ಮಾಡಿ ಕೊರಳಿನ ಲಿಂಗ ತೆಗೆದು ಅಂಗೈಯಲ್ಲಿಟ್ಟು ಪೂಜೆ ಮಾಡಿದಳು. ಎಂದಿನ ಹಾಗೆಯೇ. ವಿಭೂತಿ ಧರಿಸಿದಳು. ನನಗೂ ಹಚ್ಚಿದಳು. ಧರ್ಮ ಬಿಡುವವಳ ಲಕ್ಷಣ ಒಂದೂ ಇಲ್ಲ. ಹಾಗಾದರೆ ಚರ್ಚಿಗೆ ಯಾಕೆ? ಯಾರನ್ನು ನೋಡಲು?

ಭಯವಾಗುತ್ತಿದೆ. ಅವಳಿಲ್ಲದೆ ನನಗೆ ಈ ಮನೆಯಲ್ಲಿ ಲೋಟ ಎಲ್ಲಿದೆಯೆಂದೂ ಗೊತ್ತಾಗುವುದಿಲ್ಲ. ಮೂವತ್ತೇಳು ವರ್ಷವಾದ ಮೇಲೆ ಹೆಂಡತಿ ಸುಳ್ಳು ಹೇಳಲು ಶುರುಮಾಡಿದರೆ ಗಂಡಸು ಯಾರ ಹತ್ತಿರ ಹೇಳಿಕೊಳ್ಳಬೇಕು?

ಆಗಸ್ಟ್ 9, ಶನಿವಾರ

ಈ ಸಲ ಅವಳಿಗಿಂತ ಮೊದಲೇ ಮನೆ ಬಿಟ್ಟೆ. ಗೋಣೆಪ್ಪನ ಮನೆಗೆ ಎಂದು ಹೇಳಿದೆ. ಬಸ್ಸನ್ನು ಇಬ್ಬರ ಹತ್ತಿರ ಕೇಳಿಕೊಂಡೇ ಹತ್ತಿದೆ. ಕರೂರು ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟಿನವರೆಲ್ಲ ಇಳಿದ ಮೇಲೆ ಕಿಟಕಿ ಪಕ್ಕ ಸೀಟು ಸಿಕ್ಕಿತು.

ಹರಿಹರಕ್ಕೆ ಸಾವಿರಾರು ಸಲ ಹೋಗಿದ್ದೇನೆ. ಈ ಚರ್ಚಿನ ಹೆಸರು ಅಜ್ಜಿಯ ಕಾಲದಿಂದ ಕೇಳಿದ್ದೇನೆ. ಒಳಗೆ ಕಾಲಿಟ್ಟದ್ದು ಇವತ್ತೇ. ಹಣೆ ತುಂಬ ವಿಭೂತಿ, ಬಾಗಿಲಲ್ಲಿ ಯಾರಾದರೂ ತಡೆದೇ ತಡೆಯುತ್ತಾರೆ ಎಂದುಕೊಂಡು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಯಾರೂ ತಡೆಯಲಿಲ್ಲ. ಯಾರು, ಎಲ್ಲಿಂದ, ಯಾಕೆ ಎಂದು ಕೇಳದ ಜಾಗವನ್ನು ನಾನು ನೋಡಿದ್ದೇ ಕಡಿಮೆ. ಅದೂ ಅನುಮಾನಕ್ಕೆ ಕಾರಣವೇ.

ಒಳಗೆ ಅರ್ಧಕ್ಕರ್ಧ ಜನ ನಮ್ಮವರೇ. ಕುಂಕುಮದವರು, ಬುರ್ಖಾದವರು, ತಲೆಯ ಮೇಲೆ ಸೆರಗು ಹೊದ್ದು ಮಂಡಿಯೂರಿದವರು. ಎತ್ತರದ ಚಾವಣಿ, ಎಷ್ಟೋ ವರ್ಷದ ಮೇಣದ ಹೊಗೆ ಕುಡಿದ ಗಾಳಿ. ಗೋಡೆಯಲ್ಲೊಂದು ಕಲ್ಲಿನ ಬರಹ ಇತ್ತು, ಅಕ್ಷರ ಪೂರ್ತಿ ಸವೆದುಹೋಗಿವೆ. ಮಾತೆಯ ಮೂರ್ತಿಗೆ ಹೂವಿನ ಹಾರ ಹಾಕಿದ್ದರು. ಮುಖ ಸರಿಯಾಗಿ ಕಾಣಲಿಲ್ಲ, ಅಷ್ಟು ಹೊಗೆ.

ಹೊರಗೆ ಬಂದು ಹೂವಿನ ಅಂಗಡಿಯ ಹಿಂದೆ ನಿಂತೆ. ಅಂಗಡಿಯಾಕೆಯ ಹೆಸರು ಮೈಲಮ್ಮ. ಹೂವು, ಮೇಣದಬತ್ತಿ, ಮತ್ತೆ ತಗಡಿನಲ್ಲಿ ಕತ್ತರಿಸಿದ ಕೈ, ಕಾಲು, ಮಗು ಮಾರುತ್ತಾಳೆ. ದೇಹದ ಯಾವ ಭಾಗಕ್ಕೆ ಬೇನೆಯೋ ಆ ಭಾಗದ ತಗಡನ್ನು ಮಾತೆಗೆ ಒಪ್ಪಿಸುವುದು. ನಮ್ಮ ಗುಡಿಗಳಲ್ಲೂ ಇದೆ, ಹೊಸದೇನಲ್ಲ.

ಹತ್ತೂಕಾಲಿಗೆ ಬಸಣ್ಣೆಮ್ಮನ ದನಿ ಕೇಳಿಸಿತು. ಒಬ್ಬಳೇ ಬಂದಿದ್ದಳು. ಒಂದು ತಗಡು ತೆಗೆದುಕೊಂಡಳು. ಯಾವುದೆಂದು ನನಗೆ ಕಾಣಲಿಲ್ಲ, ನಾಲ್ಕು ಮಾರು ದೂರವಿತ್ತು. ಅವಳು ಒಳಗೆ ಹೋದ ಮೇಲೆ ಮೈಲಮ್ಮನನ್ನು ಕೇಳಿದೆ.

"ಈಗ ಹೋದ ಅಮ್ಮಾರಾ? ಕಣ್ಣು ತಗಂಡ್ರು. ವಾರವಾರ ಕಣ್ಣೇ. ಒಂಬತ್ತು ಶನಿವಾರ ಹರಕೆ ಐತಂತೆ, ಇದು ಆರನೇದು."

"ಯಾರ ಕಣ್ಣಿಗೆ?"

"ಯಾರ ಬ್ಯಾನಿ ಅಂತ ನಾವು ಕೇಳಂಗಿಲ್ಲ ಸಾರ್. ಕೇಳಿದ್ರ ಹರಕಿ ಕೆಡ್ತೈತೆ." ಆಮೇಲೆ ನನ್ನ ಮುಖ ನೋಡಿ, "ನಿಮಗೂ ಕಣ್ಣೇ ಕೊಡ್ಲೇನ್ರಿ?" ಅಂದಳು. ಮಾರುವವರ ಬುದ್ಧಿ.

ಬಸ್ಸಿನಲ್ಲಿ ಬರುವಾಗ ಎಲ್ಲ ತಾಳೆಯಾಯಿತು. ನನ್ನನ್ನು ಕಣ್ಣಿನ ಆಸ್ಪತ್ರೆಗೆ ಎಳೆದದ್ದು ಯಾಕೆ? ಜೊತೆಯಲ್ಲಿ ತನ್ನದನ್ನೂ ತೋರಿಸಿಕೊಳ್ಳಲು. ನಾನು ಕೂಗಾಡಿದೆ, ಅವಳು ಬಾಯಿ ಮುಚ್ಚಿಕೊಂಡಳು. ಬಸಣ್ಣೆಮ್ಮನ ಕಣ್ಣು ಹೋಗುತ್ತಿದೆ. ನನಗೆ ಹೇಳಲು ಹೆದರಿ ದೇವರಿಗೆ ಹೇಳಿಕೊಳ್ಳುತ್ತಿದ್ದಾಳೆ.

ಆಗಸ್ಟ್ 10, ಭಾನುವಾರ

ನಿದ್ದೆಯಿಲ್ಲ. ನಾನೆಂಥ ಮನುಷ್ಯ.

ಆಗಸ್ಟ್ 13, ಬುಧವಾರ

ಅವಳ ಕಣ್ಣಿಗೆ ಶ್ರಮವಾಗಬಾರದೆಂದು ಮೂರು ದಿನದಿಂದ ಕೆಲವು ಕೆಲಸ ನಾನೇ ಮಾಡುತ್ತಿದ್ದೇನೆ. ಸೂಜಿಗೆ ದಾರ ಪೋಣಿಸಲು ಹೋದೆ, ಆಗಲಿಲ್ಲ. ಈಗಿನ ಸೂಜಿಗಳಿಗೆ ತೂತನ್ನೇ ಸರಿಯಾಗಿ ಕೊರೆಯುವುದಿಲ್ಲ. ಅಕ್ಕಿ ಆರಿಸಿದೆ. ಊಟದಲ್ಲಿ ಎರಡು ಕಲ್ಲು ಸಿಕ್ಕವು. ನಾನು ಆರಿಸಿಟ್ಟ ಮೇಲೆ ಅವಳು ಬೇರೆ ಅಕ್ಕಿ ಬೆರೆಸಿರಬೇಕು, ಕಲ್ಲು ಕಂಡಿಲ್ಲ. ನಾನು ಏನೂ ಅನ್ನದೆ ನುಂಗಿದೆ.

ಅವಳು ನನ್ನನ್ನೇ ನೋಡುತ್ತಿದ್ದಳು. "ಏನಾಗೈತ್ರಿ ನಿಮಗ?" ಅಂದಳು.

"ಏನಿಲ್ಲ. ನೀನು ಕೂಡು" ಅಂದೆ. ಅವಳಿಗೆ ನಾನು ಲೋಟದಲ್ಲಿ ನೀರು ಕೊಟ್ಟದ್ದು ಇದೇ ಮೊದಲಿರಬೇಕು. ಸ್ವಲ್ಪ ಚೆಲ್ಲಿತು.

ಸಂಜೆ ಸಂತೆಗೆ ಹೋಗುವಾಗ ಪಿ.ಬಿ. ರಸ್ತೆ ದಾಟಲು ಅವಳ ಕೈ ಹಿಡಿದುಕೊಂಡೆ. ಅವಳು ಬಿಗಿಯಾಗಿ ಹಿಡಿದಳು. ಪಾಪ, ಎಷ್ಟು ಹೆದರಿದ್ದಾಳೋ.

ಆಗಸ್ಟ್ 16, ಶನಿವಾರ

ಅವಳು ಹೋಗಿ ಬಂದ ಮೇಲೆ, ಮಧ್ಯಾಹ್ನ ಮೂರಕ್ಕೆ ನಾನು ಹೋದೆ. ಮೈಲಮ್ಮನಿಂದ ಒಂದು ಜೊತೆ ಕಣ್ಣು ತೆಗೆದುಕೊಂಡೆ. ಅವಳು ಏನೂ ಕೇಳಲಿಲ್ಲ. ಒಳಗೆ ಹೇಗೆ ಬೇಡಿಕೊಳ್ಳಬೇಕೆಂದು ನನಗೆ ಗೊತ್ತಿರಲಿಲ್ಲ. ಪಕ್ಕದವರು ಮಂಡಿಯೂರಿದರು, ನನ್ನ ಮಂಡಿ ಬಗ್ಗುವುದಿಲ್ಲ, ನಿಂತೇ ಕೈ ಮುಗಿದೆ. 'ತಾಯಿ, ಅವಳದು ಉಳಿಸು. ಬೇಕಾದರೆ ನನ್ನದು ತಗೋ. ನಾನು ನೋಡಬೇಕಾದ್ದನ್ನೆಲ್ಲ ನೋಡಿ ಮುಗಿಸಿದ್ದೇನೆ' ಎಂದೆ.

ಮೇಣದಬತ್ತಿ ಹಚ್ಚುವಾಗ ಬತ್ತಿ ಸಿಗದೆ ಬೆರಳು ಸುಟ್ಟುಕೊಂಡೆ. ಯಾರೋ ಹೆಂಗಸು ನನ್ನ ಕೈ ಹಿಡಿದು ಹಚ್ಚಿಸಿದಳು.

ಅವಳ ಚೀಲ ನೋಡದೆ ಒಂದು ವಾರವಾಯಿತು ಎಂದು ಈಗ ನೆನಪಾಯಿತು.

ಆಗಸ್ಟ್ 20, ಬುಧವಾರ

ನಿಜವಾಗಿಯೇ ಗೋಣೆಪ್ಪನ ಮನೆಗೆ ಹೋದೆ. ಬಸಣ್ಣೆಮ್ಮನ ವಿಷಯ ಹೇಳಿ, ಆಸ್ಪತ್ರೆಗೆ ಕರೆದುಕೊಂಡು ಹೋದರೆ ನಿನ್ನ ಹಾಗಾಗುತ್ತದೋ ಏನೋ ಎಂದು ಕೇಳಿದೆ. ಅವನು ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತ.

"ವಾಮದೇವ, ನಾನು ಎಲ್ರಿಗೂ ಸುಳ್ಳು ಹೇಳೀನಿ ಕಣೋ. ಆ ಕ್ಯಾಂಪಿನವ್ರು ಏನೂ ಮಾಡ್ಲಿಲ್ಲ. ನಾನು ಹೋಗೋ ಹೊತ್ತಿಗೆ ಸಕ್ಕರಿ ಕಣ್ಣಿಗೆ ಇಳಿದು ಎರಡು ವರ್ಷ ಆಗಿತ್ತು. ಬಲ್ಬು ಸರಿ ಇಲ್ಲ, ಪೇಪರ್ನವ್ರು ಮಸಿ ಕಮ್ಮಿ ಹಾಕ್ತಾರ ಅಂತ ಎಲ್ರನ್ನೂ ಬೈಕೋತ ಕುಂತಿದ್ದೆ. ಮದ್ಲೇ ಹೋಗಿದ್ರ ಉಳೀತಿತ್ತು ಅಂದ್ರು. ನನ್ನ ತಪ್ಪು ಅಂತ ಹೆಂಗ ಹೇಳ್ಲಿ? ಅವ್ರ ಮ್ಯಾಲೆ ಹಾಕಿದೆ."

ಇಷ್ಟು ವರ್ಷ ಅವನ ಮಾತು ನಂಬಿದ್ದೆನಲ್ಲ ಎಂದು ಸಿಟ್ಟು ಬಂತು. ಎಲ್ಲರನ್ನೂ ಅನುಮಾನಿಸಿದ ನಾನು ಇವನೊಬ್ಬನ ಮಾತನ್ನು ತನಿಖೆಯಿಲ್ಲದೆ ಬಿಟ್ಟಿದ್ದೆ. ಬಸಣ್ಣೆಮ್ಮನಿಗೂ ಸಕ್ಕರೆ ಬಂದಿರಬಹುದು. ಎಷ್ಟು ತಿಂಗಳು ಹಾಳು ಮಾಡಿದೆನೋ.

ಬರುವಾಗ ಅವರ ಮನೆಯ ಹೊಸಿಲು ಎಡವಿದೆ.

ಆಗಸ್ಟ್ 24, ಭಾನುವಾರ

ಹೇಳಿಬಿಟ್ಟೆ. "ನಾಳೆ ನಾಡಿದ್ದರಲ್ಲಿ ಕಣ್ಣಿನ ಆಸ್ಪತ್ರೆಗೆ ಹೋಗೋಣ. ನಿನ್ನ ಕಣ್ಣು ತೋರಿಸಬೇಕು" ಎಂದೆ. ಅವಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ನನ್ ಕಣ್ಣಾ?"

"ಹೌದು. ಹೆದರಬೇಡ, ನಾನಿದ್ದೀನಿ."

ಸೌಟನ್ನು ಕೆಳಗಿಟ್ಟು, "ಆತು, ಬರ್ತೀನಿ. ಆದ್ರ ನೀವೂ ತೋರಿಸ್ಕೋಬೇಕು. ಇಲ್ಲಂದ್ರ ನಾನೂ ಒಲ್ಲೆ" ಅಂದಳು.

ಇಷ್ಟು ಬೇಗ ಒಪ್ಪಿದ್ದು ನೋಡಿ ಹಳೆಯ ಅನುಮಾನ ಒಮ್ಮೆ ತಲೆ ಎತ್ತಿತು. ಅವಳಿಗೆ ಧೈರ್ಯ ಬರಲಿ ಎಂದು ಹೂಂ ಅಂದೆ. ಗಣೇಶನ ಹಬ್ಬ ಮುಗಿದ ಮಾರನೇ ದಿನ ಎಂದು ಗೊತ್ತಾಯಿತು.

ಆಗಸ್ಟ್ 28, ಗುರುವಾರ

ಕಣ್ಣಿಗೆ ಔಷಧ ಬಿಟ್ಟಿದ್ದಾರೆ. ಕಾಗದ ಕಾಣುತ್ತಿಲ್ಲ, ಅಂದಾಜಿನ ಮೇಲೆ ಬರೆಯುತ್ತಿದ್ದೇನೆ.

ಮೊದಲು ಬಸಣ್ಣೆಮ್ಮನನ್ನು ಕೂರಿಸಿದರು. ಗೋಡೆಯ ಮೇಲಿನ ಅಕ್ಷರಗಳನ್ನು ಮೇಲಿನಿಂದ ಕೆಳಗಿನವರೆಗೆ ನಿಲ್ಲಿಸದೆ ಓದಿದಳು. ಕೊನೆಗೆ, "ಅಡಿಯಾಗ ಅಚ್ಚು ಹಾಕಿದವ್ರ ಹೆಸ್ರೈತೆ, ಅದನ್ನೂ ಓದ್ಲೇನ್ರಿ?" ಅಂದಳು. ಡಾಕ್ಟರಮ್ಮ ನಕ್ಕರು. ನನಗೆ ಒಂದು ಕಡೆ ಜೀವ ಬಂತು, ಇನ್ನೊಂದು ಕಡೆ ತಲೆ ಕೆಟ್ಟಿತು. ಹಾಗಾದರೆ ವಾರವಾರ ಆ ತಗಡಿನ ಕಣ್ಣು?

ಆಮೇಲೆ ನಾನು ಕೂತೆ. ಎಡಗಣ್ಣು ಮುಚ್ಚಲು ಹೇಳಿದರು. ಮುಚ್ಚಿದೆ. ಗೋಡೆ ಹೋಯಿತು.

ಬೋರ್ಡು ದೂರವಿದೆ ಎನ್ನಲು ಬಾಯಿ ಬರಲಿಲ್ಲ. ಅವಳು ಅದೇ ಕುರ್ಚಿಯಿಂದ ಓದಿದ್ದಳು.

ಔಷಧ ಬಿಟ್ಟು, ಅರ್ಧ ಗಂಟೆ ಕಾಯಿಸಿ, ದೀಪ ಹಾಕಿ ನೋಡಿದ ಮೇಲೆ ಡಾಕ್ಟರಮ್ಮ ಹೇಳಿದರು, "ಸಕ್ಕರೆಯಿಂದ ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತ ಒಸರಿದೆ. ಬಲಗಣ್ಣು ಬಹಳ ಮಟ್ಟಿಗೆ ಹೋಗಿದೆ. ಎಡಗಣ್ಣನ್ನು ಲೇಸರ್ ಮಾಡಿ ಉಳಿಸಿಕೊಳ್ಳಬಹುದು. ಇನ್ನೆರಡು ತಿಂಗಳು ಬಿಟ್ಟು ಬಂದಿದ್ದರೆ ಈ ಮಾತು ಹೇಳುತ್ತಿರಲಿಲ್ಲ. ಎಷ್ಟು ದಿನದಿಂದ ಹೀಗಿದೆ?"

ಇತ್ತೀಚೆಗೆ ಎನ್ನುವವನಿದ್ದೆ. ಅವಳೇ ಹೇಳಿದಳು, "ಯುಗಾದಿಯಿಂದ್ರೀ. ಚಂದ್ರನ್ನ ತೋರ್ಸಿದ್ರ ಇವ್ರು ಬೀದಿ ದೀಪಕ್ಕ ಕೈ ಮುಗಿದ್ರು."

ಹೊರಗೆ ಬೆಂಚಿನ ಮೇಲೆ ಇಬ್ಬರೂ ಕೂತೆವು. ಎಲ್ಲ ಬೆಳಕು ಬೆಳಕಾಗಿತ್ತು, ಅವಳ ಮುಖ ಕಾಣುತ್ತಿರಲಿಲ್ಲ.

"ನಂದಿಗುಡಿ ಅಂತ ಯಾಕ ಸುಳ್ಳು ಹೇಳಿದೆ?"

"ಚರ್ಚು ಅಂದಿದ್ರ ಯಾಕಂತ ಕೇಳ್ತಿದ್ರಿ. ಯಾಕಂತ ಹೇಳಿದ್ರ ಕಣ್ಣಿನ ಸುದ್ದಿ ಬರ್ತಿತ್ತು. ನೀವು ಮಾತ್ರಿ ಬಿಡ್ತಿದ್ರಿ. ಖುರ್ಷೀದಾ ತಮ್ಮವ್ವಗ ಹರಕಿ ಹೊತ್ತಿದ್ಲು, ನೀವೂ ಹೋಗ್ಬರ್ರಿ ಅಂದ್ಲು. ನನಗ ಬ್ಯಾರೆ ದಾರಿ ಏನಿತ್ತು?"

"ನನ್ನ ಡೈರಿ ತೆಗೆದಿದ್ದೆಯಾ?"

"ತೆಗೆದಿದ್ದೆ. ಓದಾಕ ಅಲ್ಲ. ಅಕ್ಷರ ಹೆಂಗದಾವ ಅಂತ ನೋಡಾಕ." ನನ್ನ ಕೈ ಹಿಡಿದುಕೊಂಡಳು. "ಸಾಲಿನ ಮ್ಯಾಲೆ ಸಾಲು ಬರ್ದೀರಿ. ಒಂದಕ್ಷರ ಓದಾಕ ಬರಂಗಿಲ್ಲ."

ಇಷ್ಟು ದಿನ ದುಂಡಗೆ ಬರೆಯುತ್ತಿದ್ದೇನೆ ಎಂದುಕೊಂಡಿದ್ದೆ.

ನಾನೂ ಮಾತೆಗೆ ಕಣ್ಣು ಒಪ್ಪಿಸಿ ಬಂದದ್ದನ್ನು ಹೇಳಿದೆ. ಯಾರಿಗೆಂದು ಕೇಳಿದಳು. ನಿನಗೆ ಅಂದೆ. ಅವಳು ನಗುತ್ತಾಳೆ ಎಂದುಕೊಂಡೆ. ನನ್ನ ತೋಳಿಗೆ ಹಣೆಯಿಟ್ಟು ಆಸ್ಪತ್ರೆಯ ಜನರೆದುರೇ ಅತ್ತಳು.

ಆಗಸ್ಟ್ 30, ಶನಿವಾರ

ಬಸಣ್ಣೆಮ್ಮ ಪುಟಕ್ಕೆ ಏಳೇಳು ದಪ್ಪ ಗೆರೆ ಎಳೆದುಕೊಟ್ಟಿದ್ದಾಳೆ. ಗೆರೆಯ ಮೇಲೆ ಬೆರಳಿಟ್ಟುಕೊಂಡು ಬರೆಯುತ್ತಿದ್ದೇನೆ. ಒಂದು ಪುಟಕ್ಕೆ ಹೆಚ್ಚು ಹಿಡಿಯುವುದಿಲ್ಲ.

ನಿನ್ನೆ ಮೊದಲ ಲೇಸರ್ ಆಯಿತು. ಇವತ್ತು ಅವಳ ಒಂಬತ್ತನೇ ಶನಿವಾರ, ಇಬ್ಬರೂ ಹೋದೆವು. ಕಪ್ಪು ಕನ್ನಡಕದಲ್ಲಿ ನನ್ನನ್ನು ಕಂಡು ಮೈಲಮ್ಮ ಏನೂ ಕೇಳಲಿಲ್ಲ, ಒಂದು ಕಣ್ಣಿನ ತಗಡು ತೆಗೆದು ಅವಳ ಕೈಗಿಟ್ಟಳು. ಗೋಡೆಯ ಕಲ್ಲಿನ ಬರಹದ ಅಕ್ಷರ ಸವೆದಿಲ್ಲವಂತೆ. ಬಸಣ್ಣೆಮ್ಮ ಅಲ್ಲೇ ನಿಂತು ಪೂರ್ತಿ ಓದಿ ಹೇಳಿದಳು.

ವಾಪಸ್ ಬರುವ ಬಸ್ಸಿನಲ್ಲಿ ಕಂಡಕ್ಟರು ಎರಡು ಟಿಕೆಟ್ಟು ಕೊಟ್ಟ, ಅವಳದು ಸೊನ್ನೆಯದು, ನನ್ನದು ದುಡ್ಡಿನದು. ಎರಡನ್ನೂ ಅವಳು ನನ್ನ ಅಂಗೈಯಲ್ಲಿಟ್ಟಳು, ಮೂವತ್ತೇಳು ವರ್ಷದಿಂದ ಇಟ್ಟ ಹಾಗೆಯೇ. ಬಿಸಿಲಿಗೆ ಹಿಡಿದೆ. ಹತ್ತಿರ ತಂದೆ.

ಮಷಿನ್ನಿನದೋ ಕಾಗದದ್ದೋ ತಪ್ಪು ಹೇಳಬಹುದಿತ್ತು.

"ನನಗೆ ಕಾಣಲ್ಲ. ನೀನೇ ಓದು" ಎಂದೆ.

ಅವಳು ತೆಗೆದುಕೊಂಡು ಗಟ್ಟಿಯಾಗಿ ಓದಿದಳು. ತಾರೀಖು, ಹೊತ್ತು, ಹರಿಹರದಿಂದ ದಾವಣಗೆರೆ, ಹೆಂಗಸು ಒಂದು, ಗಂಡಸು ಒಂದು. ನಾನು ತಾಳೆ ನೋಡಲಿಲ್ಲ.